'ರಿಂಗು' ನಂತರದ 'ರಾಸೆನ್' ಏಕೆ ಇಷ್ಟು ನೀರಸವಾಯಿತು?

ಹಾಸನದ ಪ್ರೇಕ್ಷಕ:
ಹಿಡೆಯೊ ನಕಾತಾ ನಿರ್ದೇಶಿಸಿದ ಜಪಾನಿ ಭಯಾನಕ ಚಿತ್ರ 'ರಿಂಗು' ನೋಡಿ ಬೆಚ್ಚಿಬಿದ್ದವನು ಅದರ ಮುಂದುವರಿದ ಭಾಗವಾದ 'ರಾಸೆನ್' ನೋಡಿ ಆಕಳಿಸಿದೆ. ಶವಪರೀಕ್ಷೆ, ವೈರಾಣು, ಡಿಎನ್‌ಎ ಎಂಬ ಚರ್ಚೆಯಲ್ಲೇ ಚಿತ್ರ ಸಾಗುತ್ತದೆ. ಎರಡಕ್ಕೂ ಕೋಜಿ ಸುಜುಕಿ ಅವರ ಕಾದಂಬರಿಗಳೇ ಆಧಾರವಾಗಿರುವಾಗ ಇಷ್ಟು ಅಂತರ ಹೇಗೆ ಬಂತು?

ಚಿಕ್ಕಮಗಳೂರಿನಿಂದ ಒಬ್ಬರು:
ಸರ್, ಎರಡೂ ಚಿತ್ರಗಳು ಜಪಾನಿನಲ್ಲಿ 1998ರ ಜನವರಿ 31ರಂದು ಒಟ್ಟಿಗೇ ತೆರೆಕಂಡವು. ಆದ್ದರಿಂದ ಮೊದಲನೆಯದರ ಗೆಲುವು ಎಲ್ಲಿದೆಯೆಂದು ಅರಿತು ತಿದ್ದಿಕೊಳ್ಳುವ ಅವಕಾಶ 'ರಾಸೆನ್' ನಿರ್ದೇಶಕ ಜೋಜಿ ಈದಾ ಅವರಿಗೆ ಇರಲೇ ಇಲ್ಲ. 'ರಿಂಗು'ವಿನಲ್ಲಿ ದೆವ್ವವಾದ ಸದಾಕೊ ಬಾವಿಯಿಂದ ಮೇಲೆದ್ದು, ಟಿವಿ ಪರದೆಯನ್ನು ದಾಟಿ ಕೋಣೆಯೊಳಗೆ ತೆವಳುವಾಗ ನಮಗೆ ಕಾಣುವುದು ಮುಖ ಮುಚ್ಚಿದ ಕೂದಲು, ಉಗುರಿಲ್ಲದ ಬೆರಳುಗಳು, ಕೊನೆಗೆ ಒಂದೇ ಕಣ್ಣು. ನಟಿಯನ್ನು ಹಿಮ್ಮುಖವಾಗಿ ನಡೆಸಿ ಚಿತ್ರೀಕರಿಸಿ, ಅದನ್ನು ತಿರುಗಿಸಿ ತೋರಿಸಿದ್ದರಿಂದಲೇ ಆ ನಡಿಗೆಗೆ ಮನುಷ್ಯರದ್ದಲ್ಲದ ಲಯ ಬಂದಿದೆ. 'ರಾಸೆನ್'ನಲ್ಲಿ ಅದೇ ಸದಾಕೊ ಮುಖ ತೋರಿಸಿ ಮಾತನಾಡುತ್ತಾಳೆ. ಮಾತನಾಡುವ ದೆವ್ವಕ್ಕೆ ಯಾರು ಹೆದರುತ್ತಾರೆ?

ಸಕಲೇಶಪುರದ ಓದುಗಿ:
ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ವಿಡಿಯೊ ಟೇಪು ನೋಡಿದವರನ್ನು ಕೊಲ್ಲುವ ಸದಾಕೊಳ ಶಾಪವನ್ನು ಸೋಂಕಾಗಿ ಕಾಣುವುದು ಮೂಲ ಕಾದಂಬರಿಯದೇ ದೃಷ್ಟಿ. ಮಗನನ್ನು ಕಳೆದುಕೊಂಡ ವೈದ್ಯ ಆಂದೊನ ದುಃಖವೂ 'ರಾಸೆನ್'ನಲ್ಲಿ ನಿಜವಾಗಿ ತಟ್ಟುತ್ತದೆ. ಆದರೆ ಭಯಕ್ಕೆಂದೇ ಬಂದ ಪ್ರೇಕ್ಷಕರಿಗೆ ಅದು ಸಾಲಲಿಲ್ಲ. ಆ ಕಥೆಯನ್ನು ಬದಿಗಿರಿಸಿ, ನಕಾತಾ ಅವರಿಂದಲೇ 1999ರಲ್ಲಿ 'ರಿಂಗು 2' ಮಾಡಿಸಲಾಯಿತು.

ಹಾಸನದ ಪ್ರೇಕ್ಷಕ:
ಧನ್ಯವಾದಗಳು ಮೇಡಂ. ಹಾಗಾದರೆ 'ರಿಂಗು 2' ನೋಡಲು 'ರಾಸೆನ್' ಕಥೆಯನ್ನು ನೆನಪಿಡುವ ಅಗತ್ಯವಿಲ್ಲವೆಂದಾಯಿತು.