ಎಸ್ಸೆಸ್ಸೆಲ್ಸಿ ಆಯ್ತು, ಪಿಯುಗೆ ಯಾವ ಕಾಲೇಜು? ಅನುಭವ ಇದ್ದವರು ಹೇಳಿ

ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತಂದೆ ಕೇಳಿದ್ದು

ಮಗಳು ಒಂದರಿಂದ ಹತ್ತರವರೆಗೂ ಊರಿನ ಶಾಲೆಯಲ್ಲೇ ಓದಿದ್ದು, ಕನ್ನಡ ಮೀಡಿಯಂ. ಈ ಸಲ 625ಕ್ಕೆ 561 ಬಂದಿದೆ. ಸೈನ್ಸ್ ತಗೋತೀನಿ ಅಂತಾಳೆ. ಡಾಕ್ಟರ್ ಆಗಬೇಕು ಅಂತ ಒಂದು ದಿನ, ಬಿಎಸ್ಸಿ ಅಗ್ರಿ ಅಂತ ಇನ್ನೊಂದು ದಿನ. ನಮ್ಮ ಮುಂದೆ ಮೂರು ದಾರಿ ಇವೆ. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜು. ತುಮಕೂರಿನ ಒಂದು ಅನುದಾನಿತ ಕಾಲೇಜು. ಇಲ್ಲಾ ಮಂಗಳೂರು ಕಡೆಯ ರೆಸಿಡೆನ್ಶಿಯಲ್ ಕಾಲೇಜು, ನೀಟ್ ಕೋಚಿಂಗ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ಹೇಳುತ್ತಿದ್ದಾರೆ. ಅದಕ್ಕೆ ಸಾಲ ಮಾಡಲೇಬೇಕು. ಭಾಮೈದ ಅಲ್ಲಿಗೇ ಹಾಕಿ ಅಂತ ಕೂತಿದ್ದಾನೆ. ಇನ್ನೊಂದು ಅನುಮಾನ, ಪಿಯು ಪಟ್ಟಣದಲ್ಲಿ ಓದಿದರೆ ಗ್ರಾಮೀಣ ಕೋಟಾ ತಪ್ಪಿಹೋಗುತ್ತಾ?

ಹಾಸನದ ನಿವೃತ್ತ ಫಿಸಿಕ್ಸ್ ಉಪನ್ಯಾಸಕರು

ಮೊದಲು ಕೋಟಾ ವಿಷಯ ಮುಗಿಸಿಬಿಡೋಣ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ನೋಡುವುದು 1ರಿಂದ 10ನೇ ತರಗತಿ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಅಂತ. ಪಿಯು ಎಲ್ಲಿ ಮಾಡಿದರೂ ಅದಕ್ಕೆ ಧಕ್ಕೆ ಇಲ್ಲ. ನಿಮ್ಮ ಮಗಳಿಗೆ ಎರಡೂ ಸಿಗುವ ಹಾಗಿದೆ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ಬರೆಸಿ, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಹೆಡ್‌ಮಾಸ್ಟರ್ ಬದಲಾಗಿರುತ್ತಾರೆ, ಹಳೇ ರಿಜಿಸ್ಟರ್ ಹುಡುಕಿಸುವುದು ರಗಳೆ.

ಎರಡನೇದು ಕಾಂಬಿನೇಷನ್, ಅಂದರೆ ಯಾವ ನಾಲ್ಕು ವಿಷಯ ಅಂತ. ಕಾಲೇಜಿಗಿಂತ ಮೊದಲು ಇದು ತೀರ್ಮಾನ ಆಗಬೇಕು. ಡಾಕ್ಟರೋ ಅಗ್ರಿಯೋ ಅಂತ ಗೊತ್ತಿಲ್ಲದಿದ್ದರೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತೆಗೆದುಕೊಳ್ಳಲಿ. ಅದರಲ್ಲಿ ನೀಟ್, ಅಗ್ರಿ, ವೆಟರ್ನರಿ, ಎಂಜಿನಿಯರಿಂಗ್ ನಾಲ್ಕೂ ಉಳಿಯುತ್ತವೆ. ಪಿಸಿಎಂಸಿ ತೆಗೆದುಕೊಂಡರೆ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುತ್ತದೆ, ಮೆಡಿಕಲ್ಲೂ ಅಗ್ರಿಯೂ ಕೈಬಿಟ್ಟ ಹಾಗೆಯೇ. ಕೆಲವು ಕಡೆ ಪಿಸಿಎಂಬಿ ಸೀಟು ತುಂಬಿತು ಅಂತ ಹೇಳಿ ಬೇರೆಯದಕ್ಕೆ ಒಪ್ಪಿಸುತ್ತಾರೆ. ಒಪ್ಪಬೇಡಿ, ಬೇರೆ ಕಾಲೇಜು ನೋಡಿ. ಅಗ್ರಿಗೆ ಕೃಷಿಕರ ಮಕ್ಕಳ ಕೋಟಾ ಬೇರೆ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯನ್ನೂ ಮಾಡುತ್ತಾರೆ. ತೋಟದಲ್ಲಿ ಕೆಲಸ ಮಾಡಿದ ಹುಡುಗಿಗೆ ಅದು ಅನುಕೂಲವೇ.

ಇನ್ನು ಕಾಲೇಜು. ನಾನಾದರೆ ಲ್ಯಾಬಿಗೆ ಹೋಗಿ ನೋಡುತ್ತೇನೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ಪ್ರಾಕ್ಟಿಕಲ್ ಅಂಕವೇ 30. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬ್ಯುರೆಟ್ (ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ) ಎತ್ತಿ ನೋಡಿ. ದಿನಾ ಬಳಸುವ ಲ್ಯಾಬಾದರೆ ಬ್ಯುರೆಟ್ಟಿನ ತುದಿಯಲ್ಲಿ ಪರ್ಮಾಂಗನೇಟಿನ ಕಂದು ಕಲೆ ಇರುತ್ತದೆ, ಸಿಂಕ್ ಒದ್ದೆ ಇರುತ್ತದೆ, ಟೇಬಲ್ ಮೇಲೆ ಆಸಿಡ್ ಸುಟ್ಟ ಗುರುತು ಇರುತ್ತದೆ. ಎಲ್ಲಾ ಫಳಫಳ ಅಂತಿದ್ದು ಬೀರುವಿಗೆ ಬೀಗ ಹಾಕಿದ್ದರೆ ಅದು ತೋರಿಸೋಕೆ ಇಟ್ಟ ಲ್ಯಾಬು. ಆಮೇಲೆ ಸ್ಟಾಫ್ ರೂಮಿಗೆ ಹೋಗಿ, ಹೋದ ವರ್ಷ ಇದ್ದ ಮೇಷ್ಟ್ರು ಈಗಲೂ ಇದ್ದಾರಾ ಅಂತ ಕೇಳಿ. ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು ಬರುವವರೆಗೆ ಒಂದೊಂದು ವಿಷಯ ತಿಂಗಳುಗಟ್ಟಲೆ ನಿಂತೇಬಿಡುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ನಾಲ್ಕೂ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದರೆ ನಾನು ಬೇರೆಲ್ಲೂ ನೋಡುವುದೇ ಇಲ್ಲ.

ತಿಪಟೂರಿನ ಒಬ್ಬ ತಾಯಿ

ನನ್ನ ಮಗಳು ಹೋದ ವರ್ಷ ಪಿಯು ಮುಗಿಸಿದಳು, ದಿನಾ ಬಸ್ಸಲ್ಲೇ ಓಡಾಡಿಕೊಂಡು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ಆಧಾರ್ ತೋರಿಸಿದರೆ ಆಯ್ತು. ಆದರೆ ಬೆಳಗಿನ ಬಸ್ಸು ತುಂಬಿದ್ದರೆ ನಮ್ಮ ಗೇಟಲ್ಲಿ ನಿಲ್ಲಿಸುವುದೇ ಇಲ್ಲ. ಕೈ ಅಡ್ಡ ಹಾಕಿದರೂ ಹಾಗೇ ಹೋಗುತ್ತದೆ. ಮೊದಲ ಪೀರಿಯಡ್ ತಪ್ಪುತ್ತಿತ್ತು, ಆ ಪೀರಿಯಡ್ಡೇ ಮ್ಯಾಥ್ಸು. 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ನೆನಪಿರಲಿ. ಅಡ್ಮಿಷನ್‌ಗೂ ಮುಂಚೆ ಒಂದು ಸೋಮವಾರ ನೀವೇ ಆ ಬಸ್ಸು ಹತ್ತಿ ಹೋಗಿ ನೋಡಿ ಅಣ್ಣ. ಸಂಜೆ ಸ್ಪೆಷಲ್ ಕ್ಲಾಸ್ ಮುಗಿದ ಮೇಲೆ ಎಷ್ಟು ಗಂಟೆಗೆ ಬಸ್ಸಿದೆ ಅಂತಲೂ ನೋಡಿ. ನಮಗೆ ಕಷ್ಟ ಆಗಿದ್ದು ಅಲ್ಲೇ, ಆರು ಗಂಟೆ ಮೇಲೆ ಬಸ್ಸೇ ಇರಲಿಲ್ಲ.

ತುಮಕೂರಾದರೆ ಹಾಸ್ಟೆಲ್ ಬೇಕಾಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯದ್ದು, ಸಮಾಜ ಕಲ್ಯಾಣದ್ದು ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಕಾಲೇಜಿಗೆ ಸೇರಿದ ಮೇಲೆಯೇ ಅರ್ಜಿ, ಸೀಟು ಗ್ಯಾರಂಟಿ ಇಲ್ಲ. ಸಿಗದಿದ್ದರೆ ಪಿಜಿ ಖರ್ಚು ಎಷ್ಟು ಅಂತ ಈಗಲೇ ಲೆಕ್ಕ ಹಾಕಿಕೊಳ್ಳಿ.

ಮೈಸೂರಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ

ಅಂಕಲ್, ನಾನು ಓದಿದ್ದು ಅಂಥದೇ ಒಂದು ರೆಸಿಡೆನ್ಶಿಯಲ್‌ನಲ್ಲಿ. ಹೆಸರು ಬೇಡ. ಐದೂವರೆಗೆ ಬೆಲ್, ಆರಕ್ಕೆ ಸ್ಟಡಿ ಅವರ್, ರಾತ್ರಿ ಹತ್ತೂವರೆವರೆಗೂ ಓದು. ಮನೆಗೆ ಫೋನ್ ಭಾನುವಾರ ಮಾತ್ರ, ಕಾಯಿನ್ ಬೂತಿನ ಮುಂದೆ ಕ್ಯೂ. ಪಾಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಟೆಸ್ಟ್ ಆದ ಮೇಲೆ ಸೆಕ್ಷನ್ ವಿಂಗಡಿಸಿದರು. ಎ ಸೆಕ್ಷನ್‌ಗೆ ಒಳ್ಳೆಯ ಮೇಷ್ಟ್ರು, ನಮ್ಮಂಥವರಿಗೆ ಆ ವರ್ಷ ತಾನೇ ಕೆಲಸಕ್ಕೆ ಸೇರಿದವರು. ಎಲ್ಲರೂ ಕಟ್ಟಿದ ಫೀಸು ಒಂದೇ! ಹೊರಗೆ ಫ್ಲೆಕ್ಸ್‌ನಲ್ಲಿ ಕಾಣುವ ಮುಖಗಳೆಲ್ಲ ಎ ಸೆಕ್ಷನ್‌ನವು. ಸೀಟು ಕೇಳೋಕೆ ಹೋದಾಗ ಫಸ್ಟ್ ರ‍್ಯಾಂಕ್ ಯಾರಿಗೆ ಅಂತ ಕೇಳಬೇಡಿ. ಒಟ್ಟು ಎಷ್ಟು ಜನ ನೀಟ್ ಬರೆದರು, ಅದರಲ್ಲಿ ಸರ್ಕಾರಿ ಸೀಟು ಎಷ್ಟು ಜನಕ್ಕೆ ಸಿಕ್ಕಿತು, ಮಧ್ಯದಲ್ಲಿ ಟಿಸಿ ತಗೊಂಡು ಹೋದವರು ಎಷ್ಟು ಅಂತ ಕೇಳಿ. ಅವರು ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ನಮ್ಮಲ್ಲಿ ಬರೀ ಎಂಸಿಕ್ಯೂ (ಸರಿಯುತ್ತರ ಆರಿಸುವ ಪ್ರಶ್ನೆ) ಉಜ್ಜಿಸಿದರು. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಸೆಕೆಂಡ್ ಪಿಯು ಅಂಕ ಅರ್ಧ. ಅಗ್ರಿಗೂ ಬೋರ್ಡ್ ಅಂಕ ಸೇರುತ್ತದೆ. ಮೆಡಿಕಲ್‌ಗೆ ಮಾತ್ರ ನೀಟ್ ಒಂದೇ. ಹಾಗಾಗಿ ಬೋರ್ಡ್ ಪರೀಕ್ಷೆಗೆ ಬರೆದು ಅಭ್ಯಾಸ ಮಾಡಿಸದ ಕಾಲೇಜು, ಅಗ್ರಿ ಆಸೆ ಇರುವವರಿಗೆ ಉಪಯೋಗ ಇಲ್ಲ.

ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ಎರಡು ತಿಂಗಳು ಜೋರು ಹೊಡೆತ. ನನ್ನ ರೂಂಮೇಟ್ 'ವೇಗೋತ್ಕರ್ಷ' ಅಂದರೆ ಪಟ್ ಅಂತ ಹೇಳೋನು, 'ಆಕ್ಸಲರೇಷನ್' ಅಂದಾಗ ಸುಮ್ನೆ ಕೂತಿರೋನು. ಈ ರಜದಲ್ಲೇ ಎನ್‌ಸಿಇಆರ್‌ಟಿ ಹನ್ನೊಂದನೇ ಕ್ಲಾಸಿನ ಬಯಾಲಜಿ ಪುಸ್ತಕ ತಂದುಕೊಡಿ, ಪಿಯುನಲ್ಲೂ ಅದೇ ಪಠ್ಯ. ದಿನಾ ಎರಡು ಪುಟ ಓದಿ ಇಂಗ್ಲಿಷ್ ಪದಗಳನ್ನು ಬರೆದಿಟ್ಟುಕೊಳ್ಳಲಿ.

ದಾವಣಗೆರೆಯ ಒಬ್ಬರು

561 ಬಂದವರೆಲ್ಲ ಸೈನ್ಸೇ ತಗೋಬೇಕಾ? ನಮ್ಮ ತಂಗಿ ಕಾಮರ್ಸ್ ತಗೊಂಡು ಈಗ ಸಿಎ ಆರ್ಟಿಕಲ್‌ಶಿಪ್ ಮಾಡ್ತಿದ್ದಾಳೆ. ಆಗ ನೆಂಟರೆಲ್ಲ ಮೂಗು ಮುರಿದಿದ್ದರು.

ಅದಕ್ಕೆ ಹಾಸನದ ಉಪನ್ಯಾಸಕರು

ಖಂಡಿತ ತಗೋಬೇಕಾಗಿಲ್ಲ. ಆದರೆ ಈ ಹುಡುಗಿ ತಾನೇ ಸೈನ್ಸ್ ಅಂತಿದ್ದಾಳಲ್ಲ, ಬಿಡಿ.

ಕೇಳಿದ ತಂದೆ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಗಳನ್ನೇ ಕರೆದುಕೊಂಡು ತಾಲ್ಲೂಕು ಕಾಲೇಜಿಗೆ ಹೋಗಿದ್ದೆ. ಮೂರು ವಿಷಯಕ್ಕೆ ಕಾಯಂ ಇದ್ದಾರೆ, ಮ್ಯಾಥ್ಸ್‌ಗೆ ಅತಿಥಿ ಉಪನ್ಯಾಸಕರು. ಸಿಂಕ್ ಒದ್ದೆ ಇತ್ತು ಸಾರ್! ತುಮಕೂರಿಗೆ ಶುಕ್ರವಾರ ಹೋಗುತ್ತೇವೆ. ಮಂಗಳೂರಿನವರು ಮಾತ್ರ ದಿನಾ ಫೋನ್ ಮಾಡುತ್ತಿದ್ದಾರೆ. ಇಪ್ಪತ್ತೈದು ಸಾವಿರ ಕಟ್ಟಿ ಸೀಟು ಹಿಡಿದಿಡಿ, ಒರಿಜಿನಲ್ ಟಿಸಿ, ಮಾರ್ಕ್ಸ್ ಕಾರ್ಡ್ ಕಳಿಸಿ ಅಂತಾರೆ. ಕಳಿಸಬಹುದಾ?

ತಿಪಟೂರಿನ ತಾಯಿ

ಬೇಡ್ವೇ ಬೇಡ. ನಮ್ಮ ಪಕ್ಕದ ಮನೆಯವರು ಹೀಗೇ ಕೊಟ್ಟು, ಆಮೇಲೆ ಮನಸ್ಸು ಬದಲಾಯಿಸಿದಾಗ ಟಿಸಿ ವಾಪಸ್ ಬೇಕಾದರೆ ಪೂರ್ತಿ ಫೀಸ್ ಕಟ್ಟಿ ಅಂದರು. ಜೆರಾಕ್ಸ್ ಕೊಡಿ, ಸಾಕು. ದುಡ್ಡು ವಾಪಸ್ ಕೊಡುವ ನಿಯಮ ಏನು ಅಂತ ರಸೀದಿಯಲ್ಲೇ ಬರೆದುಕೊಡಿ ಅಂತ ಕೇಳಿ.

ಹಾಸನದ ಉಪನ್ಯಾಸಕರು

ತಾಯಿ ಹೇಳಿದ್ದು ಸರಿ. ಶುಕ್ರವಾರ ತುಮಕೂರಿನಲ್ಲಿ ಮ್ಯಾಥ್ಸ್‌ಗೆ ಯಾರು ಅಂತ ಮೊದಲು ವಿಚಾರಿಸಿ. ಅಲ್ಲಿ ಕಾಯಂ ಇದ್ದು, ಹಾಸ್ಟೆಲ್ ಸಿಗುವ ಹಾಗಿದ್ದರೆ ತುಮಕೂರು. ಇಲ್ಲದಿದ್ದರೆ ನಿಮ್ಮ ತಾಲ್ಲೂಕೇ ಸಾಕು, ಮ್ಯಾಥ್ಸ್‌ಗೆ ಸಂಜೆ ಒಂದು ಟ್ಯೂಷನ್ ಹಾಕಿ. ಸಾಲ ಮಾಡಿ ಮಂಗಳೂರಿಗೆ ಕಳಿಸುವುದು ಈ ಹಂತದಲ್ಲಿ ನನಗೆ ಸರಿ ಕಾಣುವುದಿಲ್ಲ. ನೀಟ್ ಬರೆಯಲೇಬೇಕು ಅಂತ ಅವಳಿಗೇ ಇನ್ನೂ ಗಟ್ಟಿಯಾಗಿಲ್ಲವಲ್ಲ.

ಶುಕ್ರವಾರ ಹೊರಡುವ ಮುಂಚೆ ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಬಿಡಿ. ಆದಾಯದ್ದು ಐದು ವರ್ಷಕ್ಕೆ ಮಾತ್ರ ಚಾಲ್ತಿ, ಹಳೆಯದಿದ್ದರೆ ತಾರೀಖು ನೋಡಿ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್ ಅರ್ಜಿಗೆ ಆ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಬೇಕು. ಹೆಸರಿನ ಅಕ್ಷರ ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡ್‌ನಲ್ಲೂ ಒಂದೇ ಇದೆಯಾ ಅಂತ ಈಗಲೇ ನೋಡಿ, ರಿಸಲ್ಟ್ ಬಂದ ಮೇಲೆ ಎಲ್ಲರೂ ಅಲ್ಲೇ ಕ್ಯೂ ನಿಲ್ಲುತ್ತಾರೆ.