ಅಪಘಾತದ ಗಾಯಗಳ ನಂತರದ ‘ಜೀವನ ಗುಣಮಟ್ಟ’, ‘ಆಧ್ಯಾತ್ಮಿಕ ಸ್ವಾಸ್ಥ್ಯ’: ಪದಗಳ ಆಯ್ಕೆ ಕುರಿತು

ಮಾನ್ಯರೇ,

ರಸ್ತೆ ಅಪಘಾತದಲ್ಲಿ ಗಾಯಗೊಂಡು ಚಿಕಿತ್ಸೆ ಮುಗಿಸಿದವರ ಮುಂದಿನ ಬದುಕನ್ನು ಕುರಿತ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬರುವ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆಂದೂ ಗಾಯಗೊಂಡು ಬದುಕುಳಿಯುವವರು 2ರಿಂದ 5 ಕೋಟಿ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸತ್ತವರ ಲೆಕ್ಕ ದಿನವೂ ಸುದ್ದಿಯಾಗುತ್ತದೆ; ಉಳಿದವರು ಹೇಗೆ ಬಾಳುತ್ತಿದ್ದಾರೆಂದು ಅವರನ್ನೇ ಕೇಳುವುದಕ್ಕೆ ತಕ್ಕ ಮಾತು ನಮ್ಮಲ್ಲಿ ಇನ್ನೂ ಕುದುರಿಲ್ಲ ಎಂಬುದೇ ನನ್ನ ಕಳವಳ.

ಮೊದಲು ‘ಜೀವನ ಗುಣಮಟ್ಟ’. ತಾನು ಬಾಳುತ್ತಿರುವ ಸಂಸ್ಕೃತಿ ಹಾಗೂ ಮೌಲ್ಯಗಳ ನಡುವೆ, ತನ್ನ ಗುರಿ, ನಿರೀಕ್ಷೆ, ಕಾಳಜಿಗಳನ್ನು ಮುಂದಿಟ್ಟುಕೊಂಡು, ತನ್ನ ಬದುಕು ಎಲ್ಲಿ ನಿಂತಿದೆ ಎಂದು ವ್ಯಕ್ತಿ ತಾನೇ ಕಂಡುಕೊಳ್ಳುವ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಈ ಪರಿಕಲ್ಪನೆಯಿಂದ ಸೂಚಿಸುತ್ತದೆ. ಇಲ್ಲಿ ಅಳೆಯುವವನು ಬದುಕುತ್ತಿರುವವನೇ. ಆದರೆ ‘ಗುಣಮಟ್ಟ’ ಎಂದೊಡನೆ ಸರಕನ್ನು ಹೊರಗಿನವರು ಪರೀಕ್ಷಿಸಿ ದರ್ಜೆ ಕೊಡುವ ಅರ್ಥವೇ ಮುಂದೆ ಬರುತ್ತದೆ. ‘ಜೀವನಮಟ್ಟ’ವಂತೂ ವರಮಾನ, ಮನೆ, ಸೌಕರ್ಯಗಳ ಮಾತಾಗಿ ನೆಲೆಗೊಂಡಿದೆ, ಅದನ್ನು ಇಲ್ಲಿ ಬಳಸುವುದು ತಪ್ಪೆಂದೇ ನನ್ನ ನಿಲುವು. ತೊಡೆಮೂಳೆ ಮುರಿದಿದ್ದ ಒಬ್ಬರನ್ನು ನೆನೆಯೋಣ. ಮೂಳೆ ಕೂಡಿಕೊಂಡಿದೆ, ಊರುಗೋಲು ಬಿಟ್ಟಿದೆ, ಕಡತದಲ್ಲಿ ‘ಗುಣವಾಗಿದೆ’ ಎಂದು ಬರೆದಾಗಿದೆ. ಆದರೂ ರಸ್ತೆ ದಾಟಲು ನಿಂತಾಗ ದೂರದಲ್ಲೆಲ್ಲೋ ಬ್ರೇಕ್ ಕಿರುಗುಟ್ಟಿದರೆ ಎತ್ತಿದ ಕಾಲು ಹಿಂದಕ್ಕೆ ಬರುತ್ತದೆ. ಇಂಥವರನ್ನು ‘ನಿಮ್ಮ ಜೀವನ ಗುಣಮಟ್ಟ ಹೇಗಿದೆ’ ಎಂದು ಕೇಳಿದರೆ ಈ ಸಂಗತಿ ಹೊರಬರುವುದು ಕಷ್ಟ. ‘ಅಪಘಾತದ ನಂತರ ನಿಮ್ಮ ಬದುಕು ಹೇಗೆ ನಡೆಯುತ್ತಿದೆ ಎನ್ನಿಸುತ್ತದೆ’ ಎಂದು ಕೇಳಿದರೆ ಬಂದೀತು. ಆದ್ದರಿಂದ ಶೀರ್ಷಿಕೆಯಲ್ಲಿ ಬಳಕೆಯ ಪದವನ್ನೇ ಉಳಿಸಿಕೊಂಡು, ಪ್ರಶ್ನೆಗಳಲ್ಲಿ ‘ಬದುಕು’ ಎಂದಷ್ಟೇ ಬರೆಯುವುದು ಸರಿಯೇ?

ಹೆಚ್ಚು ತೊಡಕಿರುವುದು ಎರಡನೆಯದಾದ ‘ಆಧ್ಯಾತ್ಮಿಕ ಸ್ವಾಸ್ಥ್ಯ’ದಲ್ಲಿ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವನ್ನು ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮವೆಂದು ವಿವರಿಸಿತು. ಆಧ್ಯಾತ್ಮಿಕ ಆಯಾಮವನ್ನು ಸಂಸ್ಥೆಯ ಸದಸ್ಯ ರಾಷ್ಟ್ರಗಳ ಕೂಟವಾದ ವಿಶ್ವ ಆರೋಗ್ಯ ಸಭೆ ಮಾನ್ಯ ಮಾಡಿದ್ದು 1984ರ ನಿರ್ಣಯದಲ್ಲಿ. ಸಂಸ್ಥೆಯು ಆನಂತರ ರೂಪಿಸಿದ ಮಾಪನವೊಂದರಲ್ಲಿ ಈ ಆಯಾಮಕ್ಕೆಂದೇ 32 ಪ್ರಶ್ನೆಗಳಿವೆ. ಅವು ವಿಚಾರಿಸುವ ಎಂಟು ಅಂಶಗಳಲ್ಲಿ ಶ್ರದ್ಧೆಯೂ ಒಂದು, ಅಷ್ಟೆ. ಬದುಕಿನ ಅರ್ಥ, ಒಳಗಿನ ಶಾಂತಿ, ಭರವಸೆ, ವಿಸ್ಮಯ, ತಾನು ಇಡಿಯಾಗಿದ್ದೇನೆಂಬ ಭಾವ ಇವೂ ಅದರಲ್ಲಿ ಸೇರಿವೆ. 1982ರಿಂದ ಬಳಕೆಯಲ್ಲಿರುವ ಇನ್ನೊಂದು ಮಾಪನದಲ್ಲಿ 20 ಪ್ರಶ್ನೆಗಳಿದ್ದು, ಹತ್ತು ದೇವರೊಡನೆ ಇರುವ ಸಂಬಂಧವನ್ನೂ ಹತ್ತು ಬದುಕಿನ ಅರ್ಥ ಮತ್ತು ತೃಪ್ತಿಯನ್ನೂ ಕುರಿತಿವೆ.

ಇಷ್ಟನ್ನೂ ‘ಆಧ್ಯಾತ್ಮಿಕ’ ಎಂಬ ಒಂದೇ ವಿಶೇಷಣ ಹೊರಬಲ್ಲುದೇ? ಮೂಲದಲ್ಲಿ ಅದು ‘ಆತ್ಮಕ್ಕೆ ಸಂಬಂಧಿಸಿದ್ದು’ ಎಂದೇ ಇದ್ದರೂ, ದಿನಬಳಕೆಯಲ್ಲಿ ಪೂಜೆ, ಧ್ಯಾನ, ಪ್ರವಚನಗಳ ಕಡೆಗೆ ವಾಲಿದೆ. ದೇವರನ್ನು ನಂಬದ ಗಾಯಾಳು ಇದು ತನಗಲ್ಲವೆಂದು ಆ ಪುಟವನ್ನೇ ಖಾಲಿ ಬಿಟ್ಟಾನು. ನಂಬುವವರಿಗೂ ಅಪಾಯವಿದೆ: ‘ನನಗೇ ಏಕೆ ಹೀಗಾಯಿತು’ ಎಂದು ಒಳಗೇ ಕುದಿಯುತ್ತಿರುವಾಗ ಈ ಪದ ತಮ್ಮ ಭಕ್ತಿಯ ಪರೀಕ್ಷೆಯಂತೆ ತೋರಿ, ಸಿಟ್ಟನ್ನು ಮುಚ್ಚಿಟ್ಟು ಉತ್ತರಿಸಿಯಾರು. ಆ ಸಿಟ್ಟು ತಿಳಿಯದೆ ನೆರವಾಗುವುದು ಹೇಗೆ?

‘ಸ್ವಾಸ್ಥ್ಯ’ದ ಬಗ್ಗೆ ನನಗೆ ಒಲವಿದೆ, ತನ್ನಲ್ಲಿ ತಾನು ನೆಲೆನಿಂತಿರುವುದು ಎಂಬ ಅದರ ಮೂಲಾರ್ಥ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಇನ್ನೊಂದು ಪದ ‘ಯೋಗಕ್ಷೇಮ’. ಇಲ್ಲದ್ದನ್ನು ಪಡೆಯುವುದು ಯೋಗ, ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಹಿಂದಿನ ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಕಾಲನ್ನೋ ಕೆಲಸವನ್ನೋ ಕಳೆದುಕೊಂಡವರು ಉಳಿದದ್ದನ್ನು ಕಾಪಾಡಿಕೊಂಡು ಹೊಸದನ್ನು ಗಳಿಸಬೇಕಾದ ಸ್ಥಿತಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಆದರೆ ‘ಯೋಗಕ್ಷೇಮ ವಿಚಾರಿಸಿದರು’ ಎಂಬ ಬಳಕೆಯಲ್ಲಿ ಅದು ಬರಿಯ ಕುಶಲಪ್ರಶ್ನೆಯಾಗಿದೆ. ‘ಅಂತರಂಗದ ನೆಮ್ಮದಿ’ ಎಲ್ಲರಿಗೂ ತಿಳಿಯುತ್ತದೆಯಾದರೂ ಶಾಂತಿಯನ್ನಷ್ಟೇ ಹೇಳಿ ಅರ್ಥ, ಭರವಸೆಗಳನ್ನು ಬಿಡುತ್ತದೆ.

‘ಗಾಯಾಳು’ವಿನ ಬಗ್ಗೆ ಒಂದೇ ಮಾತು: ಗಾಯ ಮಾಯ್ದು ವರ್ಷಗಳಾದವರನ್ನೂ ಹಾಗೆ ಕರೆಯುವುದು ಸರಿಯೆನ್ನಿಸುವುದಿಲ್ಲ. ‘ಸಂತ್ರಸ್ತರು’ ಎಂಬುದು ಅದಕ್ಕಿಂತ ಭಾರ. ‘ಅಪಘಾತದಲ್ಲಿ ಗಾಯಗೊಂಡಿದ್ದವರು’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಇಂಥವರ ಆರೈಕೆ ಮಾಡಿರುವವರು, ಸ್ವತಃ ಈ ನೋವನ್ನು ಉಂಡವರು ತಮ್ಮಲ್ಲಿದ್ದರೆ, ಒಳಗಿನ ಸ್ಥಿತಿಯನ್ನು ಹೇಳಿಕೊಳ್ಳಲು ಯಾವ ಮಾತು ತಾನಾಗಿ ಬಾಯಿಗೆ ಬಂದಿತೆಂಬುದನ್ನು ದಯವಿಟ್ಟು ಬರೆಯಿರಿ. ನಿಘಂಟಿನ ಅರ್ಥಕ್ಕಿಂತ ಅದು ನನಗೆ ಹೆಚ್ಚು ಬೇಕಾಗಿದೆ.