ಸ್ಕೂಲಲ್ಲಿ ತಣ್ಣಗಿರ್ತಾನೆ, ಸಂಜೆ ಐದಕ್ಕೆ ಮನೇಲಿ ರಣರಂಗ. ಮಾತ್ರೆಯಿಂದಾನಾ?

ತುಮಕೂರಮ್ಮ:
ನಮಸ್ಕಾರ ಎಲ್ರಿಗೂ. ನನ್ ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಎರಡು ತಿಂಗಳ ಹಿಂದೆ ಬೆಂಗಳೂರಿಗೆ ಕರ್ಕೊಂಡು ಹೋಗಿ ತೋರಿಸಿದ್ವಿ, ಎಡಿಎಚ್‌ಡಿ (ಗಮನ ನಿಲ್ಲಲ್ಲ, ಅತಿ ಚಟುವಟಿಕೆ) ಅಂದ್ರು, ಜೊತೆಗೆ ಡಿಎಂಡಿಡಿ (ಸದಾ ಸಿಡುಕು, ಪದೇ ಪದೇ ಸಿಟ್ಟು ಸ್ಫೋಟಿಸೋ ತೊಂದರೆ) ಅಂತಾನೂ ಬರೆದ್ರು. ಬೆಳಿಗ್ಗೆ ಏಳೂವರೆಗೆ ಮೀಥೈಲ್‌ಫೆನಿಡೇಟ್, ಗಮನ ನಿಲ್ಲೋಕೆ ಕೊಡೋ ಮಾತ್ರೆ, ದಿನಪೂರ್ತಿ ಕೆಲಸ ಮಾಡೋ ಥರದ್ದು. ಸ್ಕೂಲಿಂದ ಈಗ ದಿನಾ ಫೋನ್ ಬರಲ್ಲ, ಮೊನ್ನೆ ಮಿಸ್ಸು ಡೈರೀಲಿ ಮೊದಲನೇ ಸಲ ಒಂದು ಒಳ್ಳೇ ಮಾತು ಬರೆದಿದ್ರು, ಅದನ್ನ ಫೋಟೋ ತೆಗೆದು ಇಟ್ಕೊಂಡಿದೀನಿ. ಆದ್ರೆ ನಾಲ್ಕೂವರೆಗೆ ವ್ಯಾನ್ ಇಳಿದ್ರೆ ಐದರ ಹೊತ್ತಿಗೆ ಶುರು, ಶೂ ಬಿಚ್ಚು ಅಂದ್ರೆ ಕಿರುಚಾಟ, ಹೋಮ್‌ವರ್ಕ್ ಅಂದ್ರೆ ಬ್ಯಾಗ್ ಎಸೀತಾನೆ, ಮೊನ್ನೆ ತಂಗಿ ಕೈ ಕಚ್ಚಿದಾನೆ. ಏಳು ಗಂಟೆಗೆ ತಾನೇ ಬಂದು ತೊಡೆ ಮೇಲೆ ಮಲಗಿ ಅಳ್ತಾನೆ, ನಾನ್ಯಾಕಮ್ಮ ಹಿಂಗೆ ಅಂತ.

ಅತ್ತೆ ಹೇಳೋದು ಮಗು ಮಂಕಾಗಿದೆ, ದೃಷ್ಟಿ ಆಗಿದೆ, ಮಾತ್ರೆ ಬಿಡ್ಸು ಅಂತ. ನಮ್ಮೆಜಮಾನ್ರು ನಾನೂ ಹಿಂಗೇ ಇದ್ದೆ, ನಾಲ್ಕು ಬಿಟ್ರೆ ಸರಿಹೋಗುತ್ತೆ ಅಂತಾರೆ. ಡಿಎಂಡಿಡಿ ಅಂತ ಗೂಗಲ್ ಮಾಡಿದ್ರೆ ಬೈಪೋಲಾರ್ (ಮನಸ್ಸು ಕೆಲವು ಕಾಲ ಉಕ್ಕಿ, ಕೆಲವು ಕಾಲ ಕುಸಿಯೋ ಕಾಯಿಲೆ) ಅದೂ ಇದೂ ಬಂದು ನಂಗೆ ನಿದ್ದೇನೇ ಇಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ಇನ್ನೂ ಮೂರು ವಾರ ಇದೆ. ಇದರ ಮಧ್ಯೆ ಸ್ಕೂಲಲ್ಲಿ ನಿಮ್ಮ ಖರ್ಚಲ್ಲೇ ಶ್ಯಾಡೋ ಟೀಚರ್ (ಕ್ಲಾಸಲ್ಲಿ ಇವನ ಪಕ್ಕದಲ್ಲೇ ಇದ್ದು ನೋಡ್ಕೊಳ್ಳೋರು) ಇಡಿ, ಇಲ್ಲಾಂದ್ರೆ ಮುಂದಿನ ವರ್ಷ ಟಿಸಿ ತಗೊಳ್ಳಿ ಅಂದಿದಾರೆ. ಮಾತ್ರೆ ನಿಲ್ಲಿಸಿ ನೋಡ್ಲಾ?

ಮೈಸೂರು ಮಲ್ಲಿಗೆ 2:
ನೀವಾಗೇ ನಿಲ್ಲಿಸ್ಬೇಡಿ, ಜಾಸ್ತೀನೂ ಮಾಡ್ಬೇಡಿ. ನನ್ ದೊಡ್ಡವಳಿಗೆ ಈಗ 14, ಐದು ವರ್ಷದಿಂದ ಇದರಲ್ಲೇ ಇದೀನಿ. ನೀವು ಹೇಳಿರೋ ಟೈಮ್ ನೋಡಿ, ದಿನಪೂರ್ತಿ ಮಾತ್ರೆ ಅಂದ್ರೆ ಎಂಟರಿಂದ ಹನ್ನೆರಡು ಗಂಟೆ ಕೆಲಸ ಮಾಡೋದು, ಏಳೂವರೆಗೆ ಕೊಟ್ರೆ ಕೆಲವು ಮಕ್ಕಳಿಗೆ ಸಂಜೆ ನಾಲ್ಕು ಐದಕ್ಕೇ ಇಳಿಯುತ್ತೆ, ಇಳಿಯುವಾಗ ಮೊದಲಿಗಿಂತ ಜಾಸ್ತಿ ಸಿಡುಕು, ಅದಕ್ಕೆ ಡಾಕ್ಟ್ರು ರೀಬೌಂಡ್ ಅಂತಾರೆ. ಟೈಮ್ ಬದಲಾಯಿಸೋದೋ ಮಾತ್ರೆ ಬದಲಾಯಿಸೋದೋ ಅವರೇ ಹೇಳ್ಬೇಕು. ಮೂರು ವಾರ ಕಾಯ್ಬೇಡಿ, ಕಚ್ಚಿದಾನೆ ಅಂತ ಫೋನ್ ಮಾಡಿ ಹೇಳಿ. ಲೈನ್ ಸಿಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನೊಂದು, ಲಂಚ್ ಬಾಕ್ಸ್ ತೆಗೆದು ನೋಡಿದೀರಾ? ಈ ಮಾತ್ರೆ ಮೊದಲು ಹೊಡೆಯೋದೇ ಹಸಿವಿಗೆ. ನನ್ ಮಗಳ ಬಾಕ್ಸ್ ಹೋದ ಹಾಗೇ ವಾಪಸ್ ಬರ್ತಿತ್ತು, ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿರೋ ಮಗು ಮಾತ್ರೆ ಇಳಿಯೋ ಹೊತ್ತಿಗೇ ಮನೆ ಸೇರುತ್ತೆ, ನಾನು ಬಾಗಿಲಲ್ಲೇ ಇವತ್ತೇನು ಹೋಮ್‌ವರ್ಕ್ ಅಂತ ಕೇಳ್ತಿದ್ದೆ! ಈಗ ಮಾತ್ರೆಗೆ ಮುಂಚೆ ದೋಸೆನೋ ಉಪ್ಪಿಟ್ಟೋ ಹೊಟ್ಟೆ ತುಂಬ, ಸಂಜೆ ಕೈಯಲ್ಲೊಂದು ಚಪಾತಿ ರೋಲ್, ಅರ್ಧ ಗಂಟೆ ಪ್ರಶ್ನೆ ಇಲ್ಲ. ತೂಕನೂ ತಿಂಗಳಿಗೊಮ್ಮೆ ಬರೆದಿಡಿ, ಡಾಕ್ಟ್ರು ಕೇಳ್ತಾರೆ.

ಬೈಪೋಲಾರ್ ಅಂತ ಹೆದರ್ಬೇಡಿ. ಡಿಎಂಡಿಡಿ ಅನ್ನೋ ಹೆಸರು ಬಂದಿದ್ದೇ 2013ರಲ್ಲಿ, ಅಮೆರಿಕದಲ್ಲಿ ಸದಾ ಸಿಡುಕೋ ಮಕ್ಕಳಿಗೆಲ್ಲ ಬೈಪೋಲಾರ್ ಅಂತ ಹಣೆಪಟ್ಟಿ ಹಚ್ತಿದ್ರಂತೆ, ಅದನ್ನ ತಪ್ಪಿಸೋಕೆ. ಬೈಪೋಲಾರ್ ಆದ್ರೆ ಬಂದು ಹೋಗುತ್ತೆ, ಇದರಲ್ಲಿ ಸಿಡುಕು ವರ್ಷಗಟ್ಟಲೆ ಹೆಚ್ಚು ಕಮ್ಮಿ ದಿನಾ ಇರುತ್ತೆ. ಮಾತ್ರೆಗೆ ಮುಂಚೆನೂ ಸಿಡುಕ್ತಿದ್ನಾ ಅನ್ನೋದು ನಿಮಗೇ ಗೊತ್ತಿರೋದು, ಅದನ್ನೂ ಹೇಳಿ.

ಆರೋಗ್ಯವೇ ಭಾಗ್ಯ:
ಸಕ್ಕರೆ, ಮೈದಾ, ಮೊಬೈಲ್ ಬಿಡಿಸಿ, ಬ್ರಾಹ್ಮಿ ಕೊಡಿ. ನಮ್ಮ ಕಾಲದಲ್ಲಿ ಈ ರೋಗಗಳೇ ಇರ್ಲಿಲ್ಲ.

ಧಾರವಾಡದಾಂವ:
ಇದ್ವುರೀ ಸರ, ಹೆಸರ ಇರ್ಲಿಲ್ಲ ಅಷ್ಟ. ದಡ್ಡ, ಉಡಾಳ ಅಂತ ಬ್ಯಾರೆ ಹೆಸರ ಇದ್ವು.

ಅಕ್ಕಾರ, ನಿಮ್ಮ ಯಜಮಾನ್ರ ಮಾತ ಓದಿ ಮೊದಲ ನಕ್ಕೆ, ಆಮ್ಯಾಲೆ ಹೊಟ್ಯಾಗ ಒಂಥರಾ ಆತು. ನಾನೂ ಹಂಗ ಇದ್ದೆ, ನಮ್ಮಪ್ಪ ಬೆಲ್ಟ್ ತಗೋತಿದ್ದ, ಸರಿ ಏನ ಆಗ್ಲಿಲ್ಲ, ಸುಳ್ಳ ಹೇಳೂದ ಕಲ್ತೆ. ಮಗಳನ್ನ ಡಿಮ್ಹಾನ್ಸ್‌ಗೆ (ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರಿ) ಕರ್ಕೊಂಡ ಹೋದಾಗ ಡಾಕ್ಟರ್ ಸಾಮಾನ ಕಳಕೋತಾಳೇನು, ಹಿಡಿದ ಕೆಲಸ ಅರ್ಧಕ್ಕ ಬಿಡ್ತಾಳೇನು ಅಂತ ಕೇಳಾಕತ್ರ, ನನ್ನ ಹೆಂಡ್ತಿ ಒಂದೊಂದ ಪ್ರಶ್ನಿಗೂ ನನ್ನ ಮಾರಿ ನೋಡಾಕತ್ಲು. 38 ವರ್ಷಕ್ಕ ನಂಗೂ ಎಡಿಎಚ್‌ಡಿ ಐತಿ ಅಂತ ಗೊತ್ತಾತು. ಇದು ಮನಿತನದಾಗ ಬರೂದ ಭಾಳ. ನಿಮ್ಮ ಯಜಮಾನ್ರನ್ನ ಮುಂದಿನ ಸಲ ಜೋಡಿ ಕರ್ಕೊಂಡ ಹೋಗ್ರಿ, ಬೈಯಾಕಲ್ಲ, ಸುಮ್ಮ ಕುಂತು ಕೇಳಾಕ.

ಅತ್ತಿಯವ್ರು ದೃಷ್ಟಿ ತಗೀಲಿ ಬಿಡ್ರಿ, ಉಪ್ಪು ಮೆಣಸಿನಕಾಯಿ ಇಳಿ ತಗದ್ರ ಯಾರಿಗೂ ಏನ ಆಗಂಗಿಲ್ಲ. ನಮ್ಮವ್ವನೂ ತಗೀತಾಳ, ಗುಳಗಿನೂ ತಪ್ಪದ ಅಕಿನ ಕೊಡ್ತಾಳ.

ಟೀಚರ್, ಪುತ್ತೂರು:
ಟಿಸಿ ಮಾತು ಬಾಯಲ್ಲಿ ಹೇಳಿದ್ದಾ, ಬರೆದು ಕೊಟ್ಟದ್ದಾ? ಬರೆದು ಕೊಡಿ ಅಂತ ಕೇಳಿ, ಅರ್ಧ ಶಾಲೆಗಳು ಅಲ್ಲಿಗೇ ಸುಮ್ಮನಾಗ್ತವೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದು ಹಾಕ್ಲಿಕ್ಕೆ ಇಲ್ಲ, ಖಾಸಗಿ ಶಾಲೆಗೂ ಅದೇ. ಅಲ್ಪಸಂಖ್ಯಾತ ಸಂಸ್ಥೆಯಾದ್ರೆ ಮಾತ್ರ ಈ ಕಾಯ್ದೆ ಬರುವುದಿಲ್ಲ. ಹಾಗಂತ ಮೊದಲ ದಿನವೇ ಕಾಯ್ದೆ ಹಿಡ್ಕೊಂಡು ಹೋಗ್ಬೇಡಿ, ಆ ಒಳ್ಳೇ ಮಾತು ಬರೆದ ಮಿಸ್ ಹತ್ರ ಹೋಗಿ. ಮುಂದಿನ ಬೆಂಚು, ಕಿಟಕಿಯಿಂದ ದೂರ, ಮಧ್ಯೆ ಮಧ್ಯೆ ಎದ್ದು ಹೋಗ್ಲಿಕ್ಕೆ ಒಂದು ಕೆಲಸ. ನನ್ನ ಕ್ಲಾಸಲ್ಲಿ ಒಬ್ಬ ಇದ್ದಾನೆ, ಚಾಕ್ ತರುವುದು, ಹಾಜರಿ ಪುಸ್ತಕ ಆಫೀಸಿಗೆ ಕೊಡುವುದು ಎಲ್ಲ ಅವನದ್ದೇ ಡ್ಯೂಟಿ. ಹೋಗಿ ಬಂದವ ಹತ್ತು ನಿಮಿಷ ಸರಿ ಕೂತ್ಕೊಳ್ತಾನೆ ಮಾರ್ರೆ, ನನಗೂ ಉಸಿರು.

ತುಮಕೂರಮ್ಮ:
ಎಲ್ರಿಗೂ ಥ್ಯಾಂಕ್ಸ್. ಐದು ದಿನ ಬರೆದಿಟ್ಟೆ. ಸೋಮವಾರ, ಮಂಗಳವಾರ ಎರಡೂ ದಿನ ಬಾಕ್ಸ್ ಹಾಗೇ ವಾಪಸ್, ನಾನು ಇಷ್ಟು ದಿನ ನೋಡೇ ಇರ್ಲಿಲ್ಲ, ಕೆಲಸದವಳು ತೊಳೀತಿದ್ಲು, ಅವಳು ಒಂದಿನಾನೂ ಹೇಳಿಲ್ಲ. ಬುಧವಾರದಿಂದ ವ್ಯಾನ್ ಹತ್ರಾನೇ ಚಪಾತಿ ಸಕ್ಕರೆ ತುಪ್ಪ (ಬ್ರಾಹ್ಮಿ ಸರ್ ಕ್ಷಮಿಸಿ). ಬುಧವಾರ ಕಿರುಚಾಡಿದ, ಎಸೀಲಿಲ್ಲ. ಗುರುವಾರ ಪೂರ್ತಿ ಗಲಾಟೆ. ಶುಕ್ರವಾರ ಏನೂ ಇಲ್ಲ, ತಂಗಿ ಜೊತೆ ಕೇರಂ ಆಡಿದ. ಆಸ್ಪತ್ರೆಗೆ ಫೋನ್ ಮಾಡಿದೆ, ಬುಧವಾರ ಬನ್ನಿ ಅಂದಿದಾರೆ, ನಮ್ಮೆಜಮಾನ್ರು ರಜ ಹಾಕ್ತೀನಿ ಅಂದ್ರು, ಯಾಕೆ ಅಂತ ನಾನು ಕೇಳ್ಲಿಲ್ಲ. ನಾಳೆ ಭಾನುವಾರ, ಸ್ಕೂಲಿಲ್ಲ, ಮಾತ್ರೆ ಕೊಡ್ಬೇಕಾ ಬೇಡ್ವಾ?

ಮೈಸೂರು ಮಲ್ಲಿಗೆ 2:
ಇದುವರೆಗೂ ಭಾನುವಾರ ಕೊಡ್ತಿದ್ರಲ್ವಾ? ಹಾಗಾದ್ರೆ ಕೊಡಿ. ಕೆಲವರಿಗೆ ಡಾಕ್ಟ್ರೇ ರಜ ದಿನ ಬಿಡಿಸ್ತಾರೆ, ನಿಮ್ಮವನಿಗೆ ಮೂಡ್‌ದೂ ಇರೋದ್ರಿಂದ ಅದನ್ನ ಬುಧವಾರ ಕೇಳಿ. ಐದು ದಿನ ಬರೆದಿಟ್ಟ ಆ ಚೀಟಿ ಮನೇಲಿ ಮರೆತು ಹೋಗ್ಬೇಡಿ ಮತ್ತೆ.